ಹೊತ್ತು ಮುಳುಗುವ ದ್ವಾರಕೆ

ತೆರಕಣಾಂಬಿ
೧೦ ಫೆಬ್ರವರಿ ೨೦೨೫

ಮಗಳೇ ಚೈತ್ರ,

ಫೋನಿನಲ್ಲಿ ಹೇಳಿದರೆ ಅಳಿಯಂದಿರ ಕಿವಿಗೆ ಬೀಳುತ್ತದೆಂದು ಬರೆಯುತ್ತಿದ್ದೇನೆ. ಓದಿ ಒಲೆಗೆ ಹಾಕು.

ನಾಟಕಕ್ಕೆಂದು ನಿಮ್ಮಪ್ಪ ಕೊನೆಯದಾಗಿ ಬಣ್ಣದಲ್ಲಿ ಬರೆದ ಪರದೆಯನ್ನು ನೀನು ನೋಡಲಿಲ್ಲ. ದ್ವಾರಕೆ. ನೀರಿನ ಅಂಚಿಗೇ ಮಹಡಿ, ಗೋಪುರ, ಮೆಟ್ಟಿಲು. ಸಮುದ್ರ ಕಾಣದ ಮನುಷ್ಯ, ಗೋಪಾಲಸ್ವಾಮಿ ಬೆಟ್ಟದ ಮಂಜನ್ನೇ ನೀರಿನ ಮೇಲೆ ಹಾಸಿದ್ದರು. ಮಂಜಿನ ಹಿಂದೆ ಸೂರ್ಯ. ಗೋಪುರಗಳ ಒಂದು ಮಗ್ಗುಲು ಜೇನಿನ ಬಣ್ಣ, ಇನ್ನೊಂದು ಆಗಲೇ ಕಪ್ಪು. ದೋಣಿಗಳ ಕೆಳಗೆ ನೀರೆಲ್ಲ ಕೆಂಪು. ಮುಂದೆ ನಿಂತರೆ ನನ್ನ ಕೈಯೂ ಕೆಂಪಾದಂತೆ ಕಾಣುತ್ತದೆ. ಅದನ್ನು ಮುಗಿಸಿದ ವಾರದಲ್ಲೇ ಹೋದರು.

ತಿಥಿಯಾದ ಮೇಲೆ ನಾಟಕದ ಮೇಷ್ಟ್ರು ದೊಡ್ಡಮಲ್ಲಪ್ಪ ಬಂದು ಪರದೆ ಬಿಡಿಸಿ ನೋಡಿದರು. "ಏನವ್ವಾ ಇದು, ಹೊತ್ತು ಮುಳ್ಗೋ ದ್ವಾರಕೆ ಬರ್ದ್ಬುಟ್ಟವ್ನಲ್ಲ ರಘುನಾಥ! ನೀರ್ಗೆ ಮುಳ್ಗೋದ ಊರು ಅದು. ಅದುಕ್ಕೇ ನಾವು ಯಾವಾಗ್ಲೂ ನಡು ಮಧ್ಯಾನ ಬರ್ಸೋದು. ಇದ್ರ ಮುಂದೆ ಕೃಷ್ಣನ ಪಾರ್ಟ್ ಮಾಡೋನು ಉಳ್ದಾನಾ? ಸುಟ್ಟಾಕನ ಬುಡು," ಎಂದರು. ಜೊತೆಗಿದ್ದ ಶಿವರಾಮು, "ಬರ್ದೋನೇ ಉಳೀನಿಲ್ವಲ್ಲಣ್ಣೋ," ಎಂದ.

ನನಗೆ ಅವರನ್ನೇ ಇನ್ನೊಮ್ಮೆ ಕಳೆದುಕೊಂಡಂತಾಯಿತು. "ಇದು ಹೊತ್ತು ಮುಳ್ಗೋದಲ್ಲ, ಹೊತ್ತುಟ್ಟೋದು ಕಣಣ್ಣ, ಅವ್ರೇ ನಂಗೇಳವ್ರೆ," ಎಂದುಬಿಟ್ಟೆ. ನಂಬಿದರು. ಶಿವರಾತ್ರಿಯ ನಾಟಕದವರೆಗೆ ಇಲ್ಲೇ ಇರಲಿ ಎಂದು ಸುತ್ತಿಟ್ಟು ಹೋದರು.

ಸುಳ್ಳು, ಚೈತ್ರ. ಬಣ್ಣಕ್ಕೆ ಅಂಟು ಕಲಸಿಕೊಟ್ಟವಳು ನಾನು. ಕೆಂಪು ಸಾಲದೆಂದು ಮತ್ತೆ ಮತ್ತೆ ಕಲಸಿಸಿದ್ದರು. ಊರು ಚೆಂದ ಕಾಣುವುದು ಬಿಟ್ಟುಹೋಗುವ ಹೊತ್ತಿನಲ್ಲೇ ಎಂದಿದ್ದರು. ಆಗ ನಾನು ನಕ್ಕಿದ್ದೆ.

ನಿನ್ನೆ ಡೈರಿಯ ಹತ್ತಿರ ರಾಚಮ್ಮ ಸಿಕ್ಕಿ, "ಕೃಷ್ಣನ ಪಾರ್ಟ್ನ ನಿನ್ ಅಳಿಯನ್ಗೇ ಕೊಟ್ಟವ್ರೆ ಕಣಮ್ಮಿ! ಈಗ್ಲೇ ಉಪ್ಪು ಮೆಣ್ಸಿನ್ಕಾಯಿ ತಗ್ದಿಡು, ದಿಷ್ಟಿ ಆದದು," ಎಂದಳು. ನಾನೂ ನಕ್ಕೆ. ಹಾಲು ಹಾಕುವುದನ್ನೇ ಮರೆತು ತುಂಬಿದ ಕ್ಯಾನಿನೊಂದಿಗೆ ಮನೆಗೆ ಬಂದೆ.

ರೇವಂತ್ ಅವರನ್ನು ಹೇಗಾದರೂ ತಡೆ. ಫ್ಯಾಕ್ಟರಿಯಲ್ಲಿ ರಜೆ ಸಿಗುವುದಿಲ್ಲ ಎನ್ನಿಸು. ನನ್ನ ಹೆಸರು ಮಾತ್ರ ಎತ್ತಬೇಡ. ನಾನು ಹೇಳಿದ್ದು ಸುಳ್ಳೆಂದು ಮೇಷ್ಟ್ರಿಗೆ ಗೊತ್ತಾದರೆ ಪರದೆ ಸುಡುತ್ತಾರೆ.

ನಿನ್ನ ದಾರಿ ಕಾಯುವ ಅಮ್ಮ,
ಸುಧಾಮಣಿ

ತಾ.ಕ.: ಪತ್ರ ಮಡಿಸಿದ ಮೇಲೆ ನನ್ನ ಮೇಲೇ ಹೇಸಿಗೆಯಾಯಿತು. ಮಗಳ ಗಂಡನಿಗಿಂತ ಬಟ್ಟೆ ಹೆಚ್ಚೇ? ಜಗಲಿಯ ಮೇಲೆ ಪರದೆ ಹಾಸಿ, ನಿಮ್ಮಪ್ಪನ ಬ್ರಷ್ಷಿನಲ್ಲೇ ಆಕಾಶ, ನೀರು ಎಲ್ಲದರ ಮೇಲೂ ಬಿಳಿ ಬಳಿದೆ. ಮಂಜು ಹೋಯಿತು, ಸೂರ್ಯ ಹೋಯಿತು. ಒಣಗಲೆಂದು ಪಕ್ಕದಲ್ಲೇ ಕೂತಿದ್ದೇನೆ. ಬಿಳಿಯ ಒಳಗಿಂದ ಕೆಂಪು ನಿಧಾನವಾಗಿ ಮೇಲೆ ಬರುತ್ತಿದೆ. ಅವರನ್ನು ಕಳಿಸಬೇಡ.