ಕೆಳಗಿನ ಗೆರೆಯ ಸಹಿ

ಡೆಂಟನ್, ಟೆಕ್ಸಸ್
ವೈಶಾಖ 3, ಬುಧವಾರ

ಪ್ರೀತಿಯ ನವರಾಜನ ಅಮ್ಮನಿಗೆ,

ನಿನ್ನ ಮಂಡಿನೋವು ಹೇಗಿದೆ? ಎಣ್ಣೆ ಹಚ್ಚಿ ಬಿಸಿಲಲ್ಲಿ ಕೂರುತ್ತಿದ್ದೀಯಾ, ಇಲ್ಲ ಎಣ್ಣೆಯನ್ನು ನನ್ನ ತಂಗಿಗೆ ಕೊಟ್ಟು ಕುಂಟುತ್ತಿದ್ದೀಯಾ? ಎಮ್ಮೆ ಈದಿರಬೇಕು. ಗಿಣ್ಣು ಮಾಡಿದರೆ ಊರಿಗೆಲ್ಲ ಹಂಚಿ ನೀನು ತಳ ಕೆರೆದು ತಿನ್ನಬೇಡ, ಮೊದಲು ನೀನು ತಿನ್ನು. ಎಮ್ಮೆಯನ್ನು ಬಿಟ್ಟು ಬರಲಾರೆ ಎಂದು ನೀನು ಅಲ್ಲೇ ಉಳಿದದ್ದು ಒಳ್ಳೆಯದೇ ಆಯಿತು. ಇಲ್ಲಿ ನಡೆದದ್ದನ್ನು ನೋಡಿದ್ದರೆ ನೀನು ನಾಚಿಕೆಯಿಂದ ಸೆರಗು ಮುಖಕ್ಕೆ ಎಳೆದುಕೊಳ್ಳುತ್ತಿದ್ದೆ. ನಾನು ಚೆನ್ನಾಗಿದ್ದೇನೆ, ರಕ್ತದೊತ್ತಡದ ಮಾತ್ರೆ ಮರೆಯುತ್ತಿಲ್ಲ.

ಇನ್ನು ನಿನ್ನ ಮಗನ ಸಮಾಚಾರ. ನಿನ್ನ ಮಗ ಎಂದೇ ಬರೆಯುತ್ತೇನೆ. ಈ ವಾರ ಅವನನ್ನು ನನ್ನವನು ಎನ್ನಲು ಮನಸ್ಸಿಲ್ಲ. ಊರಲ್ಲಿದ್ದಾಗ ಎಮ್ಮೆಗೆ ಒಂದು ಹೊರೆ ಹುಲ್ಲು ಕೊಯ್ದು ತಂದವನಲ್ಲ, ಇಲ್ಲಿ ಹುಲ್ಲಿನ ಮೇಲೆ ಡಾಕ್ಟರೇಟ್ ಮಾಡುತ್ತಿದ್ದಾನೆ. ಮೂರು ವರ್ಷವಾಯಿತು, ಹುಲ್ಲು ಬೆಳೆದಿದೆ, ಇವನು ಬೆಳೆದಿಲ್ಲ. ವಿಶ್ವವಿದ್ಯಾಲಯ ಕೊಡುವ ಪುಡಿಗಾಸು ಅವನ ಕಾಫಿಗೂ ಪೆಟ್ರೋಲಿಗೂ ಸರಿಹೋಗುತ್ತದೆ. ಮನೆ ನಡೆಯುವುದು ಸೊಸೆ ಬಿನಿತಾಳ ಸಂಬಳದಲ್ಲಿ. ಅವಳು ಬೆಳಕು ಹರಿಯುವ ಮೊದಲೇ ಎದ್ದು ಆಸ್ಪತ್ರೆಯ ಪ್ರಯೋಗಾಲಯಕ್ಕೆ ಹೋಗುತ್ತಾಳೆ. ಸಾಹೇಬರು ಎಂಟೂವರೆಗೆ ಎದ್ದು ಅವಳು ಮುಚ್ಚಿಟ್ಟ ಅನ್ನ ಬೇಳೆ ಉಂಡು ಹುಲ್ಲು ನೋಡಲು ಹೊರಡುತ್ತಾರೆ.

ಇಲ್ಲಿ ಪ್ರತಿ ವರ್ಷ ಏಪ್ರಿಲ್ ಹದಿನೈದರೊಳಗೆ ಆದಾಯ ತೆರಿಗೆಯ ಅರ್ಜಿ ಕಳಿಸಬೇಕು. ಬಿನಿತಾಳದು ಕೆಲಸದ ವೀಸಾ, ಇವನದು ವಿದ್ಯಾರ್ಥಿ ವೀಸಾ. ತೆರಿಗೆಯವರ ಕಣ್ಣಿಗೆ ಅವಳು ಇಲ್ಲಿಯ ನಿವಾಸಿ, ಇವನು ಇನ್ನೂ ಹೊರಗಿನವನು. ಆದರೆ ಗಂಡ ಹೆಂಡತಿ ಇಬ್ಬರೂ ಒಪ್ಪಿ ಒಂದು ಹೇಳಿಕೆಗೆ ಸಹಿ ಹಾಕಿದರೆ ಇವನನ್ನೂ ನಿವಾಸಿಯೆಂದೇ ಎಣಿಸುತ್ತಾರಂತೆ. ಇಬ್ಬರಿಗೂ ಸೇರಿ ಒಂದೇ ಅರ್ಜಿ, ತೆರಿಗೆಯೂ ಕಡಿಮೆ. ಸೊಸೆ ಎರಡು ಭಾನುವಾರ ಕೂತು ಎಲ್ಲವನ್ನೂ ತುಂಬಿದಳು. ಸಂಪಾದಿಸುವವಳು ತಾನಾದ್ದರಿಂದ ಮೇಲಿನ ಗೆರೆಯಲ್ಲಿ ತನ್ನ ಹೆಸರು, ಕೆಳಗೆ ಸಂಗಾತಿ ಎಂಬಲ್ಲಿ ಗಂಡನ ಹೆಸರು ಬರೆದು, ಸಹಿ ಮಾಡಿ, ಪೆನ್ನನ್ನೂ ಪಕ್ಕದಲ್ಲಿಟ್ಟು ಹೋದಳು.

ನಿನ್ನ ಮಗ ಕಾಗದ ನೋಡಿದ. ಆಮೇಲೆ ಅದರ ಮೇಲೆ ಚಹಾದ ಲೋಟ ಇಟ್ಟ. ಮೂರು ದಿನ ಅದು ಅಲ್ಲೇ ಇತ್ತು. ಅಂಗಡಿ ಗೋಕರ್ಣ ಅವನ ಕಿವಿ ಊದಿದ್ದ. ಈ ಗೋಕರ್ಣ ಅಕ್ಕಿ, ಮೇಕೆ ಮಾಂಸ ಮಾರುತ್ತಾನೆ. ಮಾರ್ಚ್ ಬಂದರೆ ಇಲ್ಲಿಯ ನೇಪಾಳಿಗಳಿಗೆಲ್ಲ ತೆರಿಗೆ ಪಂಡಿತನಾಗುತ್ತಾನೆ. ಮಾಂಸ ಕಡಿದ ಕೈಯನ್ನು ಅಂಗಿಗೆ ಒರೆಸಿಕೊಳ್ಳುತ್ತ, "ಗಂಡನ ಹೆಸರು ಕೆಳಗೆ ಬಂದ್ರೆ ಸರ್ಕಾರಕ್ಕೆ ಅನುಮಾನ ಬರುತ್ತೆ ತಮ್ಮಾ, ನಾಳೆ ನಿನ್ನ ವೀಸಾಕ್ಕೇ ಕುತ್ತು" ಎಂದನಂತೆ. ಹುಲ್ಲಿನ ಒಂದೊಂದು ಎಸಳಿಗೂ ಪುರಾವೆ ಕೇಳುವ ನಮ್ಮ ವಿದ್ವಾಂಸ ಇದನ್ನು ಹಾಗೇ ನುಂಗಿ ಬಂದ. ಬಿನಿತಾ ಇವನ ವಿಶ್ವವಿದ್ಯಾಲಯಕ್ಕೇ ಫೋನ್ ಮಾಡಿ ಕೇಳಿದಳು. ಯಾರ ಹೆಸರು ಮೇಲಿದ್ದರೂ ವೀಸಾಕ್ಕೆ ಏನೂ ಆಗದು ಎಂದರು. ಆಗ ಇವನ ಒಳಗಿನದು ಹೊರಗೆ ಬಂತು: "ಹಾಗಾದ್ರೆ ನನ್ನ ಹೆಸರೇ ಮೇಲೆ ಹಾಕು. ನಾಳೆ ನಾಲ್ಕು ಜನ ನೋಡಿದ್ರೆ ಏನಂತಾರೆ?" ಮುಚ್ಚಿದ ಲಕೋಟೆಯಲ್ಲಿ ಹೋಗುವ ಕಾಗದವನ್ನು ನೋಡುವ ಆ ನಾಲ್ಕು ಜನ ಯಾರೆಂದು ನಾನು ಇನ್ನೂ ಹುಡುಕುತ್ತಿದ್ದೇನೆ.

ಸೊಸೆ ಕೂಗಲಿಲ್ಲ, ಅಳಲಿಲ್ಲ. "ಬರೆದಿದ್ದನ್ನ ಬದಲಾಯಿಸಲ್ಲ. ನಾಳೆ ಸಂಜೆಯೊಳಗೆ ಸಹಿ ಇಲ್ಲಾಂದ್ರೆ 'ಬೇರೆ ಬೇರೆ' ಅನ್ನೋ ಚೌಕಕ್ಕೆ ಗುರುತು ಹಾಕಿ ನಂದು ನಾನು ಕಳಿಸ್ತೀನಿ. ಕಾಗದದಲ್ಲಿ ಬೇರೆ ಆದ್ಮೇಲೆ ಬೇರೆ ಮನೆ ಹುಡುಕೋದೇನು ಕಷ್ಟ ಅಲ್ಲ" ಎಂದು ತಟ್ಟೆ ತೊಳೆಯತೊಡಗಿದಳು. ಆ ದನಿ ಕೇಳಿ ನನಗೆ ನಿಜವಾಗಿ ಹೆದರಿಕೆಯಾಯಿತು. ಅವಳು ಸುಮ್ಮನೆ ಆಡುವ ಹುಡುಗಿಯಲ್ಲ. ಅವಳು ಹೋದರೆ ಈ ಮನೆಯಲ್ಲಿ ಉಳಿಯುವುದು ಹುಲ್ಲು ಮಾತ್ರ.

ಅದು ನಮ್ಮ ಹೊಸ ವರ್ಷದ ದಿನ. ಅವಳು ಕರಿದ ಸೇಲ್ ರೋಟಿ ಎದುರಿಗಿತ್ತು, ಯಾರೂ ಮುಟ್ಟಲಿಲ್ಲ. ಅಂದು ಅವಳು ಮಧ್ಯಾಹ್ನದ ಪಾಳಿಗೆ ಹೊರಟ ಮೇಲೆ ನಾನು ಮೂವತ್ತು ವರ್ಷ ಹೆಡ್‌ಮಾಸ್ಟರನಾಗಿದ್ದಾಗಿನ ದನಿ ತೆಗೆದೆ. "ಅವಳ ದುಡಿಮೆ ಅನ್ನ ಉಣ್ಣೋಕೆ ನಾಚಿಕೆ ಇಲ್ಲ, ಅವಳ ಹೆಸರಿನ ಕೆಳಗೆ ಸಹಿ ಹಾಕೋಕೆ ನಾಚಿಕೆನಾ? ಇಂಥ ಗಂಡಸುತನ ಯಾರ ಹತ್ರ ಕಲಿತ್ಯೋ?" ಎಂದೆ. ಅವನು ತಿರುಗಿ ಒಂದು ಮಾತು ಹೇಳಿದ. ಆ ಮಾತನ್ನು ಇಲ್ಲಿ ಬರೆಯುವುದಿಲ್ಲ. ಅಂತೂ ನಿನ್ನೆ ಮಧ್ಯಾಹ್ನ ಸಹಿ ಬಿತ್ತು, ಕೆಳಗಿನ ಗೆರೆಯಲ್ಲೇ. ಚಹಾದ ಕಲೆಯೊಂದಿಗೇ ಲಕೋಟೆ ಅಂಚೆಗೆ ಹೋಯಿತು. ರಾತ್ರಿ ಬಿನಿತಾ ಅವನಿಗೆ ಇನ್ನೊಂದು ಸೌಟು ಬೇಳೆ ಬಡಿಸಿದಳು.

ತಂಗಿಗೆ ಆಶೀರ್ವಾದ ತಿಳಿಸು. ಪಕ್ಕದ ಮನೆಯ ಹುಡುಗಿ ಊರಿಗೆ ಹೊರಟಿದ್ದಾಳೆ, ಕಾಗದ ಅವಳ ಕೈಯಲ್ಲಿ ಕಳಿಸುತ್ತಿದ್ದೇನೆ. ದೇವರು ನಿನ್ನನ್ನು ಕಾಯಲಿ.

ನವರಾಜನ ಅಪ್ಪ,
ಹೋಮನಾಥ ಪೌಡೆಲ್

ಮರೆತ ಮಾತು: ಆ ಹುಡುಗಿಯ ಕಾರು ಹೊರಗೆ ನಿಂತಿದೆ, ಬೇಗ ಬರೆಯುತ್ತೇನೆ. ಫೋನಿನಲ್ಲಿ ಇದನ್ನು ಹೇಳಲು ನನಗೆ ನಾಲಿಗೆ ಏಳುವುದಿಲ್ಲ. ಅವನು ಹೇಳಿದ್ದು ಇಷ್ಟೇ: "ಅಮ್ಮನ ಗದ್ದೆ ಯಾರ ಹೆಸರಲ್ಲಿದೆ ಅಪ್ಪಾ? ಆವತ್ತು ನಾನೂ ಬಂದಿದ್ದೆ." ಹೊಳೆದಂಡೆಯ ಗದ್ದೆಯನ್ನು ನಿನ್ನಪ್ಪ ನಿನಗೆಂದೇ ಕೊಟ್ಟದ್ದು. ಕಚೇರಿಯಲ್ಲಿ ಸಹಿ ಹಾಕಬೇಕೆಂದು ನೀನು ಒಂದು ವಾರ ಕ್ಯಾಲೆಂಡರಿನ ಹಿಂದೆ ನಿನ್ನ ಹೆಸರು ಬರೆದು ಬರೆದು ರೂಢಿ ಮಾಡಿಕೊಂಡಿದ್ದೆ. ನಾನು ನಿನ್ನನ್ನು ಮಗುವಿನೊಂದಿಗೆ ಅರಳಿಮರದ ಕೆಳಗೆ ಕೂರಿಸಿ, ಕೊಡೆ ಕೈಗೆ ಕೊಟ್ಟು, ಒಳಗೆ ಹೋಗಿ ನನ್ನ ಹೆಸರಿಗೆ ಬರೆಸಿಕೊಂಡು ಬಂದೆ. ನೀನು ಕೊಡೆ ಮಡಚಿ ಎದ್ದು ನನ್ನ ಹಿಂದೆ ಮನೆಗೆ ನಡೆದೆ. ಆರು ವರ್ಷದ ಅವನು ಎಲ್ಲ ನೋಡುತ್ತಿದ್ದ. ಈ ವಾರವೆಲ್ಲ ನಾನು ಉಗಿದದ್ದು ನನ್ನ ಮುಖಕ್ಕೇ. ಗದ್ದೆಯ ಹೆಸರು ತಿದ್ದುತ್ತೇನೆ ಎಂದು ನಾನು ಮಾತು ಕೊಟ್ಟ ಮೇಲೇ ಅವನು ಪೆನ್ನು ತೆಗೆದದ್ದು. ಬರುವ ತಿಂಗಳು ಬರುತ್ತೇನೆ, ಬಂದ ಮಾರನೆಯ ದಿನವೇ ಭೂಮಿ ಕಚೇರಿಗೆ ಹೋಗೋಣ. ನನ್ನ ಸಹಿ ಮುಗಿದ ಕೂಡಲೇ ನಾನು ಕೊಡೆ ಹಿಡಿದು ಅರಳಿಮರದ ಕೆಳಗೆ ಕೂರುತ್ತೇನೆ, ನೀನು ಮೇಜಿನ ಮುಂದೆ ಕೂರು. ಹೆಸರು ಕೇಳಿದರೆ ನವರಾಜನ ಅಮ್ಮ ಎನ್ನಬೇಡ. ಕ್ಯಾಲೆಂಡರಿನ ಹಿಂದೆ ಬರೆದಿದ್ದೆಯಲ್ಲ, ತುಲಸಾ, ಅದನ್ನು ಹೇಳು.