ಶಹಬ್ಬಾಸ್ ಮಕ್ಕಳೇ

ಜೂನ್ 9, ಸೋಮವಾರ

ಮತ್ತೆ ಅದೇ ಹಸಿರು ಪರದೆ, ಅದೇ ನೀಲಿ ಸೀರೆ. ಹಸಿರು ಉಟ್ಟರೆ ಪರದೆಯ ಜೊತೆ ಸೀರೆಯೂ ಮಾಯವಾಗಿ ಟೀವಿಯಲ್ಲಿ ಬರೀ ತಲೆ ತೇಲುತ್ತದಂತೆ! ಶಾಲಾ ಚಾನೆಲ್‌ಗೆ ಇಂದು 'ಸುರಕ್ಷತೆ' ಪಾಠದ ಶೂಟಿಂಗ್. ಪ್ರಶ್ನೆ ಕೇಳುವುದು, ಮಕ್ಕಳು ಉತ್ತರಿಸಲೆಂದು ಸ್ವಲ್ಪ ಸುಮ್ಮನಿರುವುದು, ಆಮೇಲೆ ಕಣ್ಣರಳಿಸಿ— "ಸರಿಯಾಗಿ ಹೇಳಿದ್ರಿ! ಶಹಬ್ಬಾಸ್ ಮಕ್ಕಳೇ!" ಉತ್ತರ ನಾನು ಹೇಳುವಂತಿಲ್ಲ. ಅದು ಟೀಚರ್‌ಗಳಿಗೆ ಕಳಿಸುವ ಕೈಪಿಡಿಯಲ್ಲಿದೆ. ತಪ್ಪಿದ್ದರೆ ಅವರು ತಿದ್ದಬೇಕು. ಒಂದೇ ಟೇಕ್‌ಗೆ ಓಕೆ. "ನಿಮ್ಮ ಶಹಬ್ಬಾಸ್ ಕೇಳಿದ್ರೆ ನಂಗೂ ಶಾಲೆಗೆ ಹೋಗೋಣ ಅನ್ಸುತ್ತೆ ಮೇಡಂ" ಅಂದರು ನಿರ್ದೇಶಕರು. ಉಬ್ಬಿಹೋದೆ.

ಜೂನ್ 26, ಗುರುವಾರ



ಅಣ್ಣನ ಮಗಳು ಪುಟ್ಟಿಯ ಶಾಲೆಗೆ ಹೋಗಿದ್ದೆ. ನನ್ನ ಪಾಠವನ್ನು ಮಕ್ಕಳ ಜೊತೆ ಕೂತು ನೋಡುವ ಆಸೆ. ಟೀಚರ್ ಟೀವಿ ಹಾಕಿ ಆಫೀಸಿಗೆ ಹೊರಟೇಬಿಟ್ಟರು— ದಿನಾ ಹೀಗೇ ಅಂತೆ. ಹಿಂದಿನ ಬೆಂಚಿನಲ್ಲಿ ಕೂತೆ.

ಟೀವಿಯಲ್ಲಿ ನಾನು: "ಬಟ್ಟೆಗೆ ಬೆಂಕಿ ಹತ್ತಿದ್ರೆ ಏನ್ಮಾಡ್ಬೇಕು?"

ಇಡೀ ತರಗತಿ: "ಓಡ್ಬೇಕು!" ಎಲ್ಲರಿಗಿಂತ ಜೋರು ನಮ್ಮ ಪುಟ್ಟಿ.

"ಸರಿಯಾಗಿ ಹೇಳಿದ್ರಿ! ಶಹಬ್ಬಾಸ್ ಮಕ್ಕಳೇ!"

ಚಪ್ಪಾಳೆ. ಓಡಿದರೆ ಬೆಂಕಿ ಇನ್ನೂ ಜೋರಾಗುತ್ತದೆ. ನೆಲಕ್ಕೆ ಬಿದ್ದು ಉರುಳಬೇಕು! ಎದ್ದು ನಿಂತು "ಅಲ್ಲ, ಅಲ್ಲ" ಎಂದು ಕೂಗಿದೆ. ಮಕ್ಕಳು ನನ್ನನ್ನೊಮ್ಮೆ, ಟೀವಿಯನ್ನೊಮ್ಮೆ ನೋಡಿದರು.

ಪುಟ್ಟಿ ಅಂದಳು, "ಅತ್ತೆ, ಟೀವೀಲಿ ನೀವೇ ಸರಿ ಅಂದ್ರಲ್ಲ?"

ಕೈಪಿಡಿ ಹುಡುಕಿದೆ. ಟೀವಿಯ ಎತ್ತರ ಸಾಲದೆಂದು ಅದರ ಅಡಿಗೇ ಇಟ್ಟಿದ್ದಾರೆ. ಕಟ್ಟು ಬಿಚ್ಚಿಲ್ಲ.

ಜೂನ್ 27

ನಿರ್ದೇಶಕರಿಗೆ ಫೋನ್.

"ಉತ್ತರ ಕೈಪಿಡೀಲಿದೆಯಲ್ಲ ಮೇಡಂ. ನಮ್ಮ ತಪ್ಪೇನಿದೆ?"

"ಯಾರೂ ಓದ್ತಿಲ್ಲ ಸಾರ್! ಒಂದೇ ವಾಕ್ಯ, ಮತ್ತೆ ಶೂಟ್ ಮಾಡೋಣ."

"ಸ್ಟುಡಿಯೋ ಖಾಲಿ ಇಲ್ಲ. ಗುರುವಾರ ಮರುಪ್ರಸಾರ, ಎಲ್ಲಾ ಶಾಲೆಗೂ."

ಸುರಕ್ಷತೆ ಪಾಠವಂತೆ, ಸುರಕ್ಷತೆ! ಈ ಎರಡು ವರ್ಷದಲ್ಲಿ ಇನ್ನೆಷ್ಟು ತಪ್ಪಿಗೆ ಶಹಬ್ಬಾಸ್ ಅಂದಿದ್ದೇನೋ...

ಜೂನ್ 29, ಭಾನುವಾರ

ಅಣ್ಣನ ಮನೆ. ಚಾಪೆ ಹಾಸಿ ಪುಟ್ಟಿಗೆ ಉರುಳುವುದನ್ನು ಕಲಿಸಿದೆ. ನಾನೂ ಉರುಳಿದೆ. ಅತ್ತಿಗೆ ಬಿದ್ದು ಬಿದ್ದು ನಕ್ಕರು. ಪುಟ್ಟಿ ಚೆನ್ನಾಗಿ ಕಲಿತಳು. ಜೀವಕ್ಕೆ ಸ್ವಲ್ಪ ಸಮಾಧಾನ.

ಹೊರಡುವಾಗ ಇನ್ನೊಮ್ಮೆ ಕೇಳಿದೆ, "ಹೇಳು ಕಂದಾ, ಬೆಂಕಿ ಹತ್ತಿದ್ರೆ?"

"ಮನೇಲಾದ್ರೆ ಉರುಳ್ಬೇಕು ಅತ್ತೆ. ಶಾಲೇಲಾದ್ರೆ ಓಡ್ಬೇಕು."

ಗುರುವಾರಕ್ಕೆ ಇನ್ನು ನಾಲ್ಕೇ ದಿನ. ಉಳಿದ ಮಕ್ಕಳಿಗೆ ಮನೆಯಲ್ಲಾದರೂ ಉರುಳುವುದನ್ನು ಯಾರು ಕಲಿಸುತ್ತಾರೆ?