ದೇವರ ಕೋಣೆಯ ತೊಲೆ

ವನಮಾಲಾ,

ಅಮ್ಮನನ್ನು ಗಂಗೆಯ ಘಾಟಿನಿಂದ ಕರೆತಂದ ಕೂಡಲೇ ಇದನ್ನು ಓದು. ದೇವರ ಕೋಣೆಗೆ ಯಾರೂ ಕಾಲಿಡಬೇಡಿ. ಸೋರುತ್ತಿದ್ದ ಕಡೆ ತೊಲೆಗೆ ಸ್ಕ್ರೂಡ್ರೈವರ್ ಚುಚ್ಚಿ ನೋಡಿದೆ, ಹಿಡಿಯವರೆಗೂ ಒಳಗೆ ಹೋಯಿತು. ಮರವೆಲ್ಲ ಕೊಳೆತು ಹಿಟ್ಟಾಗಿದೆ. ಅದರ ಕೆಳಗೇ ಅಮ್ಮ ಜಪಕ್ಕೆ ಕೂರುವ ಮಣೆ ಇದೆ.

ಹಸಿ ಮರಕ್ಕೆ ವಾರ್ನಿಶ್ ಬಳಿದ ಮೂರ್ಖ ನಾನೇ. ಮೊದಲು ಒಣಗಲಿ ಅಂತ ನೀನು ಹೇಳಿದ್ದೆ. ಕಲೆ ಮುಚ್ಚಿತು, ನೀರು ಒಳಗೇ ಉಳಿಯಿತು. ಈಗ ಅದನ್ನು ಎತ್ತಿ ಆಡಬೇಡ.

ಮಿಸ್ತ್ರಿಯನ್ನು ಎಳೆದುಕೊಂಡು ಬರಲು, ತೊಲೆಗೆ ಆಸರೆ ಕೊಡುವ ಮರದ ಕಂಬಗಳನ್ನು ತರಲು ಭೇಲೂಪುರಕ್ಕೆ ಓಡುತ್ತಿದ್ದೇನೆ. ಮೇಲಿನ ಟ್ಯಾಂಕ್ ಖಾಲಿ ಮಾಡಿದ್ದೇನೆ, ಮೋಟಾರ್ ಹಾಕಬೇಡ.

ಕೋಣೆಗೆ ಬೀಗ ಹಾಕಿದ್ದೇನೆ. ಇನ್ನೊಂದು ಕೀಲಿಕೈ ಅಮ್ಮನ ಸೊಂಟದಲ್ಲಿದೆ, ಹೇಗಾದರೂ ಇಸಿದುಕೋ. ಹೋದ ಸಲ "ಅವನು ದೇವರ ಕೋಣೆ ದಾಟಿ ಮೇಲೆ ಹೋದ್ರೆ ಮಡಿ ಕೆಡತ್ತೆ" ಅಂತ ಮಿಸ್ತ್ರಿಯನ್ನು ವಾಪಸ್ ಕಳಿಸಿದ್ದು ಅಮ್ಮನೇ. ಇವತ್ತು ಅವನು ಒಳಗೆ ಬಂದೇ ಬರುತ್ತಾನೆ.

ದೇವರ ಪೆಟ್ಟಿಗೆಯನ್ನು ನಡುಮನೆಯ ಮಂಚದ ಮೇಲೆ ಇಟ್ಟಿದ್ದೇನೆ. ಸ್ನಾನ ಮಾಡದೆಯೇ ಮುಟ್ಟಿದೆ, ಹೊತ್ತಿರಲಿಲ್ಲ. ಅಮ್ಮ ಬೇಕಾದಷ್ಟು ಬೈಯಲಿ. ಆದರೆ ನಡುಮನೆಯಲ್ಲೇ ಕೂತು ಬೈಯಲಿ.